ಎಲ್ಲರಿಗಿಂತ ಕಡಿಮೆ ಮಾರ್ಕಿನವರನ್ನು ಕರೆಯಿರಿ

ಪಿಯುಸಿ ಕಾಮರ್ಸ್ ಫಲಿತಾಂಶ ಬಂದ ಮರುದಿನ ನಾನು ಅಪ್ಪನ ಮುಂದೆ ನಿಂತು, ಬಿಬಿಎ ಮಾಡುತ್ತೇನೆ, ಅದೂ ರಾಯಚೂರಿನಲ್ಲಿ, ಹಾಸ್ಟೆಲಿನಲ್ಲಿದ್ದು ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಬಿಡಿಬಿಡಿಯಾಗಿ ಹೇಳಿದ್ದರೆ ನಡುವೆ ಎಲ್ಲಾದರೂ ಬೇಡ ಅನ್ನುತ್ತಿದ್ದ. ಅಪ್ಪ ಕೈಯಲ್ಲಿದ್ದ ಚಹಾ ಕೆಳಗಿಟ್ಟ.

“ಬಿಬಿಎ ಅಂದ್ರ ಏನು ಕಲಸ್ತಾರ?”

“ವ್ಯಾಪಾರ.”

“ವ್ಯಾಪಾರಾನ? ಮೂರು ವರ್ಷ?” ಅಪ್ಪ ಅಡಿಗೆಮನೆಯ ಕಡೆ ತಿರುಗಿದ. “ಕೇಳಿದೇನಬೇ? ನಾ ಮೂರು ದಿನದಾಗ ಕಲತಿದ್ದೆ.”

ಒಳಗಿನಿಂದ ಅವ್ವ, “ಅದಕ್ಕ ಮೊದಲನೇ ವರ್ಷ ಎಲ್ಲಾ ಮುಳುಗಿಸಿಕೊಂಡು ಕುಂತಿದ್ರಿ,” ಎಂದಳು.

ಅಪ್ಪನಿಗೆ ಮಾನ್ವಿಯಲ್ಲಿ ಭತ್ತದ ಅಡತಿ ಅಂಗಡಿ. ರೈತರು ತಂದ ಭತ್ತವನ್ನು ಮಿಲ್ಲಿನವರಿಗೆ ಕೊಡಿಸುವುದು, ನಡುವೆ ತನ್ನ ಪಾಲು ಇಟ್ಟುಕೊಳ್ಳುವುದು, ಇಬ್ಬರಿಂದಲೂ ಬೈಸಿಕೊಳ್ಳುವುದು, ಇಷ್ಟೇ ಕೆಲಸ. ಈ ಕೆಲಸದಿಂದ ಅಪ್ಪನಿಗೆ ಒಂದು ಅಭ್ಯಾಸ ರಕ್ತಕ್ಕಿಳಿದಿತ್ತು. ಚೀಲದ ಬಾಯಿ ಬಿಚ್ಚಿ ತೋರಿಸಿದ ಭತ್ತವನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಒಳ್ಳೆಯ ಕಾಳನ್ನು ಮೇಲೆ ಹಾಕಿಯೇ ತಂದಿರುತ್ತಾರೆ ಎಂಬುದು ಅವನ ಗಟ್ಟಿ ನಂಬಿಕೆ. ಚೂಪಾದ ಕಬ್ಬಿಣದ ಕೊಳವೆಯನ್ನು ಚೀಲದ ತಳಕ್ಕೆ ಚುಚ್ಚಿ, ಜಾರಿ ಬಂದ ಕಾಳನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಒಂದನ್ನು ಹಲ್ಲಿನಿಂದ ಕಚ್ಚಿ ನೋಡುತ್ತಿದ್ದ. ಕಟ್ ಎಂದರೆ ಒಣಗಿದೆ, ಇಲ್ಲದಿದ್ದರೆ ಹಸಿ.

ಕಲ್ಲಂಗಡಿ, ಚಪ್ಪಲಿ, ಅಳಿಯ, ಎಲ್ಲಕ್ಕೂ ಇದೇ ಪರೀಕ್ಷೆ. ಅಕ್ಕನ ಮದುವೆಗೆ ಮೊದಲು ಅಪ್ಪ ಹುಡುಗನ ಮನೆಗೆ ಹೋಗಲಿಲ್ಲ. ಆ ಮನೆಯವರ ಜೊತೆ ಜಗಳವಾಡಿ ಮಾತು ಬಿಟ್ಟಿದ್ದ ಪಕ್ಕದ ಮನೆಗೆ ಹೋಗಿ ಎರಡು ತಾಸು ಕುಳಿತು ಬಂದ. “ಹುಡುಗ ಸಿಟ್ಟಿನವ ಅಂದ್ರು, ಕುಡೀತಾನ ಅನ್ನಲಿಲ್ಲ. ಅವರೇ ಅನ್ನಲಿಲ್ಲಂದ್ರ ಕುಡಿಯಂಗಿಲ್ಲ,” ಎಂದು ಮದುವೆ ಗಟ್ಟಿ ಮಾಡಿದ. ಭಾವ ಇವತ್ತಿನವರೆಗೂ ಕುಡಿದಿಲ್ಲ. ಸಿಟ್ಟು ಮಾತ್ರ ಹೇಳಿದ್ದಕ್ಕಿಂತ ಒಂದು ಕೈ ಹೆಚ್ಚೇ ಇದೆ.

“ಕಾಲೇಜು ನಾ ನೋಡ್ತೀನಿ,” ಎಂದ ಅಪ್ಪ. “ತಳ ಚೊಲೋ ಇತ್ತಂದ್ರ ಹೋಗು. ಇಲ್ಲಂದ್ರ ಇಲ್ಲೇ ಬಿ.ಎ. ಮಾಡು.”

ಇಲ್ಲೇ ಬಿ.ಎ. ಎಂದರೆ ಏನೆಂದು ನನಗೆ ಗೊತ್ತಿತ್ತು. ಬಿ.ಎ.ಯಲ್ಲಿ ತಪ್ಪೇನಿಲ್ಲ. ನಮ್ಮ ಮನೆತನದಲ್ಲಿ ಅದು ಮದುವೆಯ ವೇಟಿಂಗ್ ರೂಮ್ ಆಗಿತ್ತು, ಅಷ್ಟೇ. ಅಕ್ಕ ಎರಡನೇ ವರ್ಷದ ಹಾಲ್ ಟಿಕೆಟ್ ತಂದ ದಿನವೇ ಸೀರೆಯೂ ಬಂದಿತ್ತು. ಆ ಹಾಲ್ ಟಿಕೆಟ್ ಇನ್ನೂ ನಮ್ಮ ಕಪಾಟಿನಲ್ಲಿ ಹಾಗೇ ಇದೆ.

ನನಗೆ ಬೇಕಾಗಿದ್ದದ್ದು ಬೇರೆ. ಅದನ್ನು ಆಗ ಯಾರಿಗೂ ಹೇಳಿರಲಿಲ್ಲ, ಇಲ್ಲಿ ಮುಚ್ಚಿಡುವುದೇನಿದೆ? ನನಗೆ ಅಪ್ಪನ ಗಾದಿ ಬೇಕಾಗಿತ್ತು. ಅಂಗಡಿಯ ಆ ಬಿಳಿ ಗಾದಿಯ ಮೇಲೆ ಕುಳಿತು, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿ, ಮಿಲ್ಲಿನವರ ಜೊತೆ ಚೌಕಾಸಿ ಮಾಡಬೇಕು. ರಜೆಯಲ್ಲಿ ಬುತ್ತಿ ಕೊಡಲು ಹೋದಾಗಲೆಲ್ಲ ಚೀಲಗಳ ಮರೆಯಲ್ಲಿ ನಿಂತು ನೋಡಿ ನೋಡಿ ಆಸೆ ಬಲಿತಿತ್ತು. ಆದರೆ ನಮ್ಮ ಮಾರ್ಕೆಟ್ಟಿನ ಯಾವ ಗಾದಿಯ ಮೇಲೂ ಹೆಂಗಸು ಕುಳಿತದ್ದನ್ನು ನಾನು ಕಂಡಿರಲಿಲ್ಲ. ಅಪ್ಪನ ನಂತರ ಅಂಗಡಿ ದೊಡ್ಡಪ್ಪನ ಮಗನಿಗೆ ಎಂದು ಯಾರೂ ಬಾಯಿ ಬಿಟ್ಟು ಹೇಳದೆಯೇ ತೀರ್ಮಾನವಾಗಿತ್ತು. ಆ ಅಣ್ಣನಿಗೆ ಭತ್ತದ ಧೂಳಿಗೆ ಸೀನು ಬರುತ್ತದೆ. ಬಿಬಿಎ ಮಾಡಿಕೊಂಡು ಬಂದರೆ ನನ್ನನ್ನು ತಳ್ಳಿಹಾಕುವುದು ಅಷ್ಟು ಸುಲಭವಾಗಲಾರದು ಎಂಬುದು ನನ್ನ ಲೆಕ್ಕ. ಹಾಗಾಗಿ ಕಾಲೇಜು ಸಿಗಲೇಬೇಕಿತ್ತು.

ನಮ್ಮಲ್ಲಿ ಹೆಣ್ಣುಮಗಳ ಯಾವ ಮಾತೂ ಸೋದರಮಾವನಿಲ್ಲದೆ ಮುಂದೆ ಹೋಗುವುದಿಲ್ಲ. ಮಾವನಿಗೆ ದೇವದುರ್ಗದಲ್ಲಿ ರೆಡಿಮೇಡ್ ಬಟ್ಟೆ ಅಂಗಡಿ. ಅಪ್ಪ ತಳ ನೋಡುವವನಾದರೆ ಮಾವ ಗಾಜಿನ ಹಿಂದೆ ಗೊಂಬೆ ನಿಲ್ಲಿಸುವವನು. ಸುದ್ದಿ ತಿಳಿದ ಅರ್ಧ ತಾಸಿಗೆ ಅವನ ಫೋನ್ ಬಂತು.

“ಭಾವ, ರಾಯಚೂರು ಯಾಕ? ನಮ್ಮೂರಾಗ ಹೋದ ವರ್ಷ ಹೊಸಾ ಕಾಲೇಜು ತೆರದಾರ. ಬಿಲ್ಡಿಂಗ್ ನೋಡಿದ್ರ ಸೀದಾ ವಿಮಾನ ನಿಲ್ದಾಣ! ಪೋರಿ ನಮ್ಮ ಮನ್ಯಾಗ ಇದ್ದು ಓದ್ತಾಳ.”

ಮಾವನ ಮನೆಯಲ್ಲಿದ್ದು ಓದುವುದು ಎಂದರೆ ಅತ್ತೆಯ ಮೂರು ಮಕ್ಕಳಿಗೆ ಹೋಂವರ್ಕ್ ಮಾಡಿಸುವುದು ಎಂದು ಅವ್ವ ನನ್ನ ಕಿವಿಯಲ್ಲಿ ಹೇಳಿದಳು. ಆದರೂ ಹೋಗದೆ ಇರುವ ಹಾಗಿರಲಿಲ್ಲ. ಅಪ್ಪ ಮತ್ತು ನಾನು ಬಸ್ ಹತ್ತಿದೆವು. ಅರಕೇರಾ ದಾಟುವಾಗ ಅಪ್ಪ ಕಿಟಕಿಯಲ್ಲಿ ಹೊಲ ನೋಡುತ್ತಾ, “ಈ ಸರ್ತಿ ಇಲ್ಲಿ ಬ್ಯಾಸಿಗಿ ಭತ್ತ ಚೊಲೋ ಅದ,” ಎಂದ.

ಮಾವ ಮದುವೆ ಮನೆಯ ಕೋಟು ಹಾಕಿಕೊಂಡು ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ. ಕಟ್ಟಡ ನಿಜಕ್ಕೂ ಜೋರಾಗಿತ್ತು. ಕುರ್ಚಿಗಳಿಗೆ ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಕವರ್ ಇನ್ನೂ ಹಾಗೇ ಇತ್ತು, ಕುಳಿತಾಗಲೆಲ್ಲ ಚರಚರ ಅನ್ನುತ್ತಿತ್ತು. ಪ್ರಿನ್ಸಿಪಾಲರು ಚಹಾ ತರಿಸಿ, ಒಂದು ಹುಡುಗಿಯನ್ನು ಕರೆಸಿ, “ನಮ್ಮ ಟಾಪರ್,” ಎಂದು ನಿಲ್ಲಿಸಿದರು. ಹುಡುಗಿ ಪಟಪಟ ಇಂಗ್ಲಿಷಿನಲ್ಲಿ ಮಾತಾಡಿದಳು. ಮಾವ ಚಪ್ಪಾಳೆ ಹೊಡೆಯುವುದೊಂದು ಬಾಕಿ.

ಅಪ್ಪ ಎಲ್ಲ ಕೇಳಿಸಿಕೊಂಡು, “ಈ ಯವ್ವ ಶ್ಯಾಣೇಕಿ ಅದಾಳ,” ಎಂದ. “ಈಗ ನಿಮ್ಮಲ್ಲಿ ಎಲ್ಲರಿಗಿಂತ ಕಡಿಮಿ ಮಾರ್ಕ್ಸ್ ಯಾರದದ, ಅವರನ್ನ ಕರೀರಿ.”

ಪ್ರಿನ್ಸಿಪಾಲರ ಕೈಯಲ್ಲಿದ್ದ ಕಪ್ಪು ಬಾಯಿಗೆ ಹೋಗದೆ ಅರ್ಧದಲ್ಲೇ ನಿಂತಿತು. “ಅಂಥವರು ನಮ್ಮಲ್ಲಿ ಇಲ್ಲರೀ.”

“ಎಲ್ಲರಿಗಿಂತ ಕಡಿಮಿ ಅನ್ನೋರು ಇದ್ದೇ ಇರ್ತಾರಲ್ರೀ? ಇಬ್ಬರೇ ಇದ್ರೂ ಒಬ್ಬರು ಇರ್ತಾರ.”

“ನೀವು ಪೇಪರಿನವರೇನ್ರೀ?” ಎಂದು ಪ್ರಿನ್ಸಿಪಾಲರು ದನಿ ತಗ್ಗಿಸಿ ಕೇಳಿದರು.

“ಭತ್ತದವ್ರು ರೀ,” ಎಂದ ಅಪ್ಪ.

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಆ ಟಾಪರ್ ಹುಡುಗಿ ಮಾತ್ರ ಬಾಗಿಲ ಹತ್ತಿರ ನಿಂತು ಬಾಯಿಗೆ ವೇಲ್ ಒತ್ತಿಕೊಂಡು ನಗುತ್ತಿದ್ದಳು. ಹೊರಗೆ ಬಂದ ಮೇಲೆ ಅವಳೇ ನನಗೆ ಒಳಗಿನ ಸಂಗತಿ ಹೇಳಿದಳು. ತರಗತಿಯಲ್ಲಿ ಇದ್ದದ್ದು ಏಳೇ ಜನ. ಅಷ್ಟೂ ವಿಷಯಗಳಿಗೆ ಮೇಷ್ಟ್ರು ಒಬ್ಬರೇ, ಅವರೇ ಪ್ರಿನ್ಸಿಪಾಲರು. ನಾವು ಗೇಟಿನ ಹತ್ತಿರ ಬರುವಷ್ಟರಲ್ಲಿ ಗಂಟೆಯ ಸದ್ದು ಕೇಳಿತು. ತಿರುಗಿ ನೋಡಿದರೆ ಬಾರಿಸುತ್ತಿದ್ದವರೂ ಅವರೇ.

“ಬಿಲ್ಡಿಂಗ್ ಪೂರಾ ನೋಡಲೇ ಇಲ್ಲಲ್ಲ ಭಾವ,” ಎಂದು ಮಾವ ಮುಖ ಊದಿಸಿಕೊಂಡ.

ಮುಂದಿನ ವಾರ ರಾಯಚೂರು. ಈ ಸಲ ಮಾವನೇ ಹಟ ಹಿಡಿದು, ಗಾಜಿನ ಗೋಡೆಯ ಕಾಲೇಜೊಂದಕ್ಕೆ ಕರೆದುಕೊಂಡು ಹೋದ. ಒಳಗೆ ಏಸಿ. ಟೈ ಕಟ್ಟಿದ ಒಬ್ಬ ಯುವಕ ನಮಗೆ ನೀರಿನ ಬಾಟಲಿ ಕೊಟ್ಟು, ನಮ್ಮ ಕಡೆ ನೋಡದೆ ಗೋಡೆಯ ಪರದೆಯ ಕಡೆ ನೋಡುತ್ತಾ ಅರ್ಧ ಗಂಟೆ ಮಾತಾಡಿದ. ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಂತ ಕೊನೆಗೆ ಮೂರು ಸಲ ಹೇಳಿದ. ಅಪ್ಪ ಎಂದಿನಂತೆ ಎಲ್ಲರಿಗಿಂತ ಕಡಿಮೆ ಮಾರ್ಕಿನವರನ್ನು ಕರೆಯಿರಿ ಅಂದ. ಆ ಯುವಕ ನಕ್ಕ, ಅಪ್ಪ ನಗಲಿಲ್ಲ. ಯುವಕ ಮ್ಯಾನೇಜರನ್ನು ಕರೆದ. ಮ್ಯಾನೇಜರ್ ಬಂದು, “ಸರ್, ಅದು ನಮ್ಮ ಪಾಲಿಸಿಯಲ್ಲಿ ಬರಂಗಿಲ್ಲ,” ಎಂದ.

“ಮಾಲು ತೋರ್ಸಾಕ ಪಾಲಿಸಿ ಯಾಕ ಬೇಕ್ರೀ?”

ಅಲ್ಲಿಗೆ ಎದ್ದು ಬರಬೇಕಾಯಿತು. ಬರುವಾಗ ಗೇಟಿನ ದೊಡ್ಡ ಫ್ಲೆಕ್ಸಿನ ಮುಂದೆ ಅಪ್ಪ ನಿಂತುಬಿಟ್ಟ. ಅದರಲ್ಲಿ ಕೆಲಸ ಸಿಕ್ಕಿದವರ ಫೋಟೋಗಳು, ಕೆಳಗೆ ಬೆಂಗಳೂರಿನ ಕಂಪನಿಗಳ ಹೆಸರು. ಅಪ್ಪ ಎರಡನೇ ಸಾಲಿನ ಒಂದು ಮುಖಕ್ಕೆ ಬೆರಳಿಟ್ಟ.

“ಇಂವ ಪೋತ್ನಾಳದ ಗೊಬ್ಬರದ ಅಂಗಡಿಯವರ ಮಗ. ಹೋದ ಸೋಮವಾರ ನಾ ಆ ಅಂಗಡ್ಯಾಗ ಇವನ ಕೈಲೇ ನೀರು ಕುಡದು ಬಂದೀನಿ.”

ಮಾವನನ್ನು ದೇವದುರ್ಗದ ಬಸ್ ಹತ್ತಿಸಿ, ನಾವು ಊರಿಗೆ ಹತ್ತಿದ ಬಸ್ಸಿನಿಂದ ಮಾನ್ವಿಯಲ್ಲಿ ಇಳಿಯದೆ ಅದರಲ್ಲೇ ಪೋತ್ನಾಳದ ತನಕ ಹೋದೆವು. ಫ್ಲೆಕ್ಸಿನ ಮುಖ ಲುಂಗಿ ಉಟ್ಟು ಗೊಬ್ಬರದ ಚೀಲಗಳ ನಡುವೆ ಕುಳಿತಿತ್ತು. ಅಪ್ಪ ಸುತ್ತುಬಳಸು ಮಾಡದೆ ಕೇಳಿದ.

“ನಿಂದು ಬೆಂಗಳೂರಾಗ ನೌಕರಿ ಅಂತ ಬರದಾರಲ್ಲೋ?”

“ಬಂದಿದ್ದು ಖರೇರೀ ಕಾಕಾ. ಹದಿನೈದು ದಿನ ಫೋನಿನ್ಯಾಗ ಕ್ರೆಡಿಟ್ ಕಾರ್ಡ್ ಮಾರಿದೆ. ಒಂದೂ ಹೋಗಲಿಲ್ಲ. ವಾಪಸ್ ಬಂದೆ.” ಅವನಿಗೆ ಬೇಸರವಿದ್ದಂತೆ ಕಾಣಲಿಲ್ಲ. “ಅಲ್ಲಿ ಖರೇ ಕಲಿಸಾವ್ರು ಅಂದ್ರ ಒಬ್ಬರೇ ಮೇಡಂ ಇದ್ರು. ಈ ಅಂಗಡಿ ನಡೆಸಾಕತ್ತೀನಿ ಅಂದ್ರ ಅವರು ಕಲಿಸಿದ್ದರ ಮ್ಯಾಲ. ಅವರೂ ಬಿಟ್ಟು ಹೋದ್ರು, ಅಲ್ಲೇ ರಾಯಚೂರಾಗ ಹತ್ತಿ ಜಿನ್ನಿಂಗ್ ಮಿಲ್ಲಿನ ಹಿಂದ ಒಂದು ಹಳೇ ಕಾಲೇಜದ ನೋಡ್ರಿ, ಅಲ್ಲಿಗೆ.”

ನಾನು ಆ ಕಾಲೇಜಿನ ವಿಷಯ ಫೋನಿನಲ್ಲಿ ಹುಡುಕಿದೆ. ಅರ್ಜಿ ಕೊಡಲು ಉಳಿದದ್ದು ಎರಡೇ ದಿನ. ಮನೆಗೆ ಬಂದು ಹೇಳಿದರೆ ಅಪ್ಪ, ನಾಳೆ ಲಾರಿ ಲೋಡಿಂಗ್ ಇದೆ, ನಾಡಿದ್ದು ನೋಡೋಣ ಎಂದ. ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ತಟ್ಟೆ ಸರಿಸಿ ಎದ್ದು ನಿಂತೆ.

“ಯಪ್ಪಾ, ನೀ ಕಾಲೇಜು ನೋಡಾಕತ್ತೀಯೋ, ನನ್ನ ಬಿ.ಎ.ಗೆ ಹಾಕಾಕ ನೆಪ ನೋಡಾಕತ್ತೀಯೋ?”

ಅಪ್ಪನ ಮುಖ ಸಣ್ಣದಾಯಿತು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ, ಸುಮ್ಮನೆ ಅಲ್ಲ, ಅವನಿಗೆ ಕೇಳುವ ಹಾಗೆ ಅತ್ತೆ. ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಲಾರಿಯ ಕೆಲಸವನ್ನು ಸೀನುವ ಅಣ್ಣನಿಗೆ ವಹಿಸಿ, ಕಟ್ಟೆಯ ಮೇಲೆ ಕುಳಿತಿದ್ದ.

ಹಳೇ ಕಾಲೇಜನ್ನು ನೋಡಿ, ದೇವದುರ್ಗದಿಂದ ಸೀದಾ ಬಂದಿದ್ದ ಮಾವ, “ಇದು ಕಾಲೇಜೋ ಗೋಡೌನೋ?” ಎಂದ. ಬಣ್ಣ ಹೋಗಿತ್ತು, ಫ್ಯಾನು ತಿರುಗುವಾಗ ಮುಲುಗುತ್ತಿತ್ತು. ಪ್ರಿನ್ಸಿಪಾಲರು ಊರಲ್ಲಿರಲಿಲ್ಲ, ಅಡ್ಮಿಶನ್ ನೋಡುತ್ತಿದ್ದವರು ಆ ಮೇಡಮ್ಮೇ. ಐವತ್ತರ ಆಸುಪಾಸಿನ ಹೆಂಗಸು, ಸೀರೆಯ ಸೆರಗಿಗೆಲ್ಲ ಚಾಕ್‌ಪೀಸಿನ ಪುಡಿ. ಚಹಾ ಬಂತು. ಛತ್ತಿನ ಗಾರೆಯ ಒಂದು ಚಕ್ಕೆ ಬಿಟ್ಟು ಸರಿಯಾಗಿ ಮಾವನ ಕಪ್ಪಿನೊಳಗೇ ಬಿತ್ತು. ಮೇಡಂ ಏನೂ ಆಗಿಲ್ಲವೆಂಬಂತೆ ಇನ್ನೊಂದು ಕಪ್ಪು ತರಿಸಿ, ಈ ಸಲ ಅದರ ಮೇಲೆ ಸಾಸರ್ ಮುಚ್ಚಿಕೊಟ್ಟರು.

ಅಪ್ಪ ತನ್ನ ಪ್ರಶ್ನೆ ಕೇಳಿದ. ನಾನು ಕಣ್ಣು ಮುಚ್ಚಿಕೊಂಡೆ.

ಮೇಡಂ ನಗಲೂ ಇಲ್ಲ, ಗಾಬರಿಯಾಗಲೂ ಇಲ್ಲ. ಡ್ರಾಯರಿನಿಂದ ಮಾರ್ಕ್ಸ್ ರಿಜಿಸ್ಟರ್ ತೆಗೆದು, ಬೆರಳನ್ನು ಮೇಲಿಂದ ಕೆಳಕ್ಕೆ ಎಳೆದು, ಜವಾನರಿಗೆ ಒಂದು ಹೆಸರು ಹೇಳಿದರು. ಉದ್ದನೆಯ, ಸಣಕಲು ಹುಡುಗನೊಬ್ಬ ಬಂದು ನಿಂತ. ತನ್ನನ್ನು ಕಾಲೇಜಿನಿಂದ ತೆಗೆದುಹಾಕಲು ನಾವು ಬಂದಿದ್ದೇವೆ ಎಂದುಕೊಂಡಿದ್ದನೇನೋ, ಮಾವನ ಕೋಟು ನೋಡಿ ಕೈಮುಗಿದ.

“ಹೆದರಬ್ಯಾಡ,” ಎಂದ ಅಪ್ಪ. “ನೂರು ಚೀಲ ಹಸಿ ಭತ್ತ ಬಂದಾವ. ಮೂರು ದಿನ ಒಣಗಿಸಿ ಮಾರಬೇಕು. ಲಾಭ ಎಷ್ಟು ಅಂತ ಹೆಂಗ ಹೇಳ್ತಿ?”

ಹುಡುಗ ಮೇಡಂ ಮುಖ ನೋಡಿದ, ಛತ್ತು ನೋಡಿದ, ಕಾಲಬೆರಳು ನೋಡಿಕೊಂಡ. ಮಾವ ಗಡಿಯಾರ ನೋಡಿದ.

“ಒಣಗಿದ ಮ್ಯಾಲ ಎಷ್ಟು ಚೀಲ ಉಳೀತಾವ್ರೀ?” ಎಂದು ಹುಡುಗ ಕೊನೆಗೆ ಕೇಳಿದ. “ಅದು ಗೊತ್ತಿಲ್ಲದ ಹೆಂಗ ಹೇಳ್ಲಿ? ಮತ್ತ... ನಡುವ ಮಳಿ ಬಂದ್ರ?”

ಅಪ್ಪ ಕುರ್ಚಿಯಿಂದ ಎದ್ದುಬಿಟ್ಟ.

“ಉತ್ತರಾನೇ ಹೇಳಲಿಲ್ಲಲ್ಲ ಭಾವ,” ಎಂದ ಮಾವ.

“ಉತ್ತರ ಯಾರಾರ ಹೇಳ್ತಾರ. ಮಳಿ ಬಂದ್ರ ಅಂತ ಕೇಳಿದನಲ್ಲ! ಮೊದಲನೇ ವರ್ಷ ನನಗ ಅದ ಹೊಳೀಲಿಲ್ಲ.” ಅಪ್ಪ ಹುಡುಗನ ಬೆನ್ನು ತಟ್ಟಿ ಕಳಿಸಿದ. ಆಮೇಲೆ ಮೇಡಂ ಕಡೆ ತಿರುಗಿ, ಮಾಲು ಒಪ್ಪಿಗೆಯಾದಾಗ ಹೇಳುವ ದನಿಯಲ್ಲಿ, “ಬರೋಬರಿ ಅದ್ರೀ,” ಎಂದ.

ನಾನು ಅರ್ಜಿಗೆ ಕೈ ಚಾಚಿದೆ. ಆದರೆ ಮೇಡಂ ಅರ್ಜಿ ಕೊಡಲಿಲ್ಲ.

“ನಿಮ್ಮದಾತು. ಈಗ ನಾವೂ ನೋಡಬೇಕಲ್ರೀ?” ಎಂದು ನನ್ನ ಕಡೆ ತಿರುಗಿದರು. “ಬಿಬಿಎ ಯಾಕ ಬೇಕವ್ವ ನಿನಗ?”

“ಬ್ಯಾಂಕಿನ್ಯಾಗ ನೌಕರಿ ಸಿಗ್ತದಂತ್ರೀ,” ಎಂದ ಮಾವ.

“ನಿಮ್ಮನ್ನ ಕೇಳಿಲ್ಲರೀ. ನಿಮಗ ಸೀಟು ಬೇಕೇನು?”

ಮಾವ ಸಾಸರ್ ತೆಗೆದು ಚಹಾ ಕುಡಿಯತೊಡಗಿದ. ಇಷ್ಟು ದಿನ ನನ್ನ ಕಾಲೇಜಿಗಾಗಿ ಇಷ್ಟೆಲ್ಲ ಊರು ತಿರುಗಿದ್ದೆವು, ಈ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ಸುಳ್ಳು ಹೇಳಬಹುದಿತ್ತು. ಆದರೆ ಆ ಸಣಕಲು ಹುಡುಗ ಅಷ್ಟು ಹೆದರಿಕೊಂಡೂ ತನಗೆ ಅನ್ನಿಸಿದ್ದನ್ನೇ ಕೇಳಿ ಹೋಗಿದ್ದ. ಅವನಿಗಿಂತ ನನಗೆ ಮೂವತ್ತು ಮಾರ್ಕ್ಸಾದರೂ ಹೆಚ್ಚು ಇದ್ದಾವು.

“ಅಂಗಡ್ಯಾಗ ಕುಂದ್ರಬೇಕಂತ್ರೀ,” ಎಂದೆ.

“ಯಾರ ಅಂಗಡಿ?”

“ನಮ್ಮಪ್ಪಂದು.”

ಅಪ್ಪ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕುಳಿತ. ಅದು ಹೋದ ವರ್ಷದ ಕ್ಯಾಲೆಂಡರ್. ಮೇಡಂ ಅರ್ಜಿ ತೆಗೆದು ನನ್ನ ಕೈಗೇ ಕೊಟ್ಟು, ತಂದೆಯ ಸಹಿ ಹಾಕಿಸಿ ನಾಳೆ ಸಂಜೆ ಐದು ಗಂಟೆಯ ಒಳಗೆ ತರಲು ಹೇಳಿದರು. ಓಣಿ ದಾಟುವಷ್ಟರಲ್ಲಿ ಅಪ್ಪ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ, ಅಂಗಿಯ ಜೇಬಿಗಿಟ್ಟುಕೊಂಡ. ಸಹಿ ಹಾಕಲಿಲ್ಲ.

ಮಾವ ದೇವದುರ್ಗದ ಬಸ್ ಹತ್ತಿದ. ನಾವು ಮಾನ್ವಿಯ ಬಸ್ಸಿನಲ್ಲಿ ಕುಳಿತೆವು. ಕಲ್ಲೂರು ಬರುವ ತನಕ ಅಪ್ಪ ಜೇಬಿನ ಅರ್ಜಿಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ನಾನಂತೂ ಬಿ.ಎ.ಯ ಮೊದಲ ದಿನ ಯಾವ ಚೂಡಿದಾರ ಹಾಕಿಕೊಳ್ಳಬೇಕು ಎಂಬಲ್ಲಿಯವರೆಗೆ ಹೋಗಿದ್ದೆ. ಆಗ ಅಪ್ಪ ಮಾತಾಡಿದ.

“ಅಂಗಡ್ಯಾಗ ಕುಂದ್ರೋದಿತ್ತಂದ್ರ ಇಷ್ಟೆಲ್ಲಾ ಯಾಕ ಬೇಕಿತ್ತು? ಮೊದಲ ಹೇಳಬಾರದೇನು? ನಾಳಿಂದ ಬಾ.”

ನನಗೆ ಖುಷಿಯಿಂದ ಕಿರುಚಬೇಕು ಅನ್ನಿಸಿತು. ಮರುಕ್ಷಣವೇ ಮೋಸ ಹೋದೆ ಅನ್ನಿಸಿತು. ಎಷ್ಟೋ ವರ್ಷದಿಂದ ಬೇಕೆಂದದ್ದು ಬಸ್ಸಿನಲ್ಲಿ ಹೀಗೆ ಸುಮ್ಮನೆ ಕೈಗೆ ಬಂದಿತ್ತು, ಅದರ ಜೊತೆಗೇ ಕಾಲೇಜು ಕೈಬಿಟ್ಟು ಹೋಗುತ್ತಿತ್ತು.

“ಬರಂಗಿಲ್ಲ,” ಎಂದೆ. “ಮೊದಲು ಕಾಲೇಜು.”

“ನಾ ಕಲಸ್ತೀನಲ್ಲ?”

“ನೀ ಕಲಿಸಿದ್ರ ನಿನ್ನಷ್ಟ ಆಗ್ತೀನಿ.”

“ನನ್ನಷ್ಟು ಆದ್ರ ಸಾಕಾಗಂಗಿಲ್ಲೇನು?”

“ಸಾಕಾಗಂಗಿಲ್ಲ.”

ಮುಂದಿನ ಸೀಟಿನಲ್ಲಿ ಕೊತ್ತಂಬರಿ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸು ಪೂರ್ತಿ ಹಿಂದಕ್ಕೆ ತಿರುಗಿ ಕುಳಿತಳು. ನಾನು ನಿಲ್ಲಿಸಲಿಲ್ಲ. “ಮಿಲ್ಲಿನವರು ಈಗ ಮೊಬೈಲಿನ್ಯಾಗ ದೇಶದ್ದೆಲ್ಲಾ ದರ ನೋಡ್ತಾರ. ನೀ ಇನ್ನಾ ಅವರಿಗೇ ಫೋನ್ ಹಚ್ಚಿ ಕೇಳ್ತಿ. ಒಂದಿನ ನಿನ್ನ ಬಿಟ್ಟು ಸೀದಾ ರೈತರಿಗೆ ಫೋನ್ ಹಚ್ತಾರ ಯಪ್ಪಾ. ಆವಾಗ ನಾವಿಬ್ಬರೂ ಗಾದಿ ಮ್ಯಾಲ ಕುಂತು ಏನು ಮಾಡೋದು?”

ಇದೇ ಮಾತನ್ನು ಅಪ್ಪ ಅವ್ವನ ಹತ್ತಿರ ಎಷ್ಟೋ ಸಲ ಹೇಳಿ ತಲೆ ಮೇಲೆ ಕೈ ಹೊತ್ತು ಕುಳಿತದ್ದನ್ನು ನಾನು ಕಂಡಿದ್ದೆ. ಅವನ ಹೆದರಿಕೆಯನ್ನೇ ಅವನ ಮುಂದೆ ಎತ್ತಿ ಹಿಡಿದದ್ದಕ್ಕೆ ನನಗೆ ಕೆಟ್ಟದೆನಿಸಿತು. ಆದರೆ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ.

ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಕೊಡವಿ, ನನ್ನ ಬಲಗೈ ಎಳೆದುಕೊಂಡು, ಎರಡು ಕೈಗಳ ಮೇಲೂ ಅದನ್ನು ಮುಚ್ಚಿದ. ನಮ್ಮ ಕಡೆ ದನದ ಸಂತೆಯಲ್ಲಿ, ಹಳೆಯ ವ್ಯಾಪಾರಿಗಳಲ್ಲಿ, ದರವನ್ನು ಬಾಯಿಂದ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಒಬ್ಬರ ಬೆರಳನ್ನೊಬ್ಬರು ಹಿಡಿದು ಹೇಳುತ್ತಾರೆ, ಸುತ್ತ ನಿಂತವರಿಗೆ ತಿಳಿಯಬಾರದು ಅಂತ. ಅಪ್ಪ ಎಷ್ಟೋ ಗಂಡಸರ ಜೊತೆ ಹೀಗೆ ಕೈ ಹಿಡಿದದ್ದನ್ನು ಕಂಡಿದ್ದೆ. ಮನೆಯ ಹೆಣ್ಣುಮಕ್ಕಳು ಅದನ್ನು ದೂರದಿಂದ ನೋಡಿದ್ದೇ ಹೊರತು ಟವೆಲ್ಲಿನ ಕೆಳಗೆ ಕೈ ಇಟ್ಟಿರಲಿಲ್ಲ.

ಅಪ್ಪ ನನ್ನ ಒಂದು ಬೆರಳು ಹಿಡಿದ. ಕಾಲೇಜು ಒಂದು ವರ್ಷ.

ನಾನು ಕೈ ಕೊಡವಿ, ಅವನ ಮೂರು ಬೆರಳು ಹಿಡಿದೆ. ಅಪ್ಪ ತಲೆ ಅಲ್ಲಾಡಿಸಿ ಎರಡು ಹಿಡಿದ. ನಾನು ಮತ್ತೆ ಮೂರು. ಅಪ್ಪ ಎರಡು ಹಿಡಿದು, ಮೂರನೆಯದನ್ನು ನಡುವಿನ ಗೆಣ್ಣಿನ ತನಕ ಮಾತ್ರ ಒತ್ತಿದ.

“ಡಿಗ್ರಿ ಎರಡೂವರಿಗಿ ಕೊಡಂಗಿಲ್ಲ ಯಪ್ಪಾ!”

“ಬಾಯಿಲೇ ಹೇಳಬಾರದಬೇ!” ಎಂದು ಅಪ್ಪ ಗದರಿದ. “ಮಂದಿ ಕೇಳ್ತಾರ.”

ಮಂದಿ ಕೇಳುತ್ತಲೇ ಇದ್ದರು. ಹಿಂದಿನ ಸೀಟುಗಳಲ್ಲಿ ನಮ್ಮ ಮಾರ್ಕೆಟ್ಟಿನ ನಾಲ್ಕೈದು ಜನ ಇದ್ದರು, ಒಬ್ಬರು ಎದ್ದೇ ನಿಂತಿದ್ದರು. ಅಪ್ಪ ನನ್ನ ಮುಖ ನೋಡಿದ, ಹೊಸಬರ ಜೊತೆ ವ್ಯವಹಾರಕ್ಕಿಳಿದಾಗ ನೋಡುವ ಹಾಗೆ, ಸ್ವಲ್ಪ ಅನುಮಾನದಿಂದ, ಸ್ವಲ್ಪ ಲೆಕ್ಕ ಹಾಕುತ್ತಾ. ಆಮೇಲೆ ಮೂರು ಬೆರಳನ್ನೂ ಗಟ್ಟಿಯಾಗಿ ಹಿಡಿದು ಕೈ ಬಿಟ್ಟ.

ಕೊತ್ತಂಬರಿ ಹೆಂಗಸಿಗೆ ತಡೆಯಲಾಗಲಿಲ್ಲ. “ಏನು ವ್ಯಾಪಾರಾತ್ರೀ ಅಣ್ಣಾರ?”

ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು, ಜೇಬಿನಿಂದ ಅರ್ಜಿ ತೆಗೆದು, ತೊಡೆಯ ಮೇಲಿಟ್ಟು ಮಡಿಕೆ ಬಿಡಿಸಿದ. “ನನ್ನ ಮಗಳು ಮೂರು ವರ್ಷ ಕಾಲೇಜಿಗಿ ಹೊಂಟಾಳ್ರೀ,” ಎಂದ. “ಆಮ್ಯಾಲ ನಮ್ಮ ಗಾದಿ ಮ್ಯಾಲ ಇಕಿನೇ ಕುಂದ್ರತಾಳ.”

ಹೆಂಗಸು ಕೇಳಿದ್ದು ಮುಂದಿನ ಸೀಟಿನಿಂದ. ಅಪ್ಪ ಉತ್ತರ ಹೇಳಿದ್ದು ಮಾತ್ರ ಹಿಂದಕ್ಕೆ ತಿರುಗಿ, ಆ ನಾಲ್ಕೈದು ಜನರಿಗೂ ಕೇಳುವಷ್ಟು ಜೋರಾಗಿ.